ಓದುಗರ ಪ್ರಶ್ನೆ, ನಮ್ಮ ಉತ್ತರ: ಹಾಂಗ್‌ಕಾಂಗ್ ಗುಡ್ಡಗಳಲ್ಲಿ ಉಳಿದ ಕಾಂಕ್ರೀಟ್ ಬಂಕರುಗಳು

ಪ್ರಶ್ನೆ: ಮಾನ್ಯರೇ, ಕಳೆದ ಚಳಿಗಾಲದಲ್ಲಿ ಮಗಳು ಅಳಿಯನ ಮನೆಗೆಂದು ಹಾಂಗ್‌ಕಾಂಗ್‌ಗೆ ಹೋಗಿದ್ದೆ. ಒಂದು ಭಾನುವಾರ ಅವರು ನನ್ನನ್ನು ಷಿಂಗ್ ಮುನ್ ಜಲಾಶಯದ ಮೇಲಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ದಾರಿಯ ಪಕ್ಕದ ಪೊದೆಗಳ ನಡುವೆ ಕಾಂಕ್ರೀಟಿನ ಮುರುಕು ಕೋಣೆಗಳು, ನೆಲದೊಳಗೆ ಇಳಿಯುವ ಮೆಟ್ಟಿಲುಗಳು, ಸುರಂಗಗಳು ಕಂಡವು. ಒಂದು ಸುರಂಗದ ಬಾಯಿಯ ಮೇಲೆ ಲಂಡನ್ ನಗರದ ಬೀದಿಯೊಂದರ ಹೆಸರು ಕೆತ್ತಿದ್ದು ನೋಡಿ ಆಶ್ಚರ್ಯವಾಯಿತು. ಇವನ್ನು ಯಾರು, ಯಾವಾಗ, ಏಕೆ ಕಟ್ಟಿದರು? ಹೀಗೆ ಪಾಳು ಬಿಟ್ಟದ್ದೇಕೆ? ದಯವಿಟ್ಟು ವಿವರಿಸಿ.
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ತಾವು ನೋಡಿದ್ದು ಜಿನ್ ಡ್ರಿಂಕರ್ಸ್ ಲೈನ್ ಎಂದು ಕರೆಯಲಾಗುವ ರಕ್ಷಣಾ ರೇಖೆಯ ಅತಿ ಮುಖ್ಯ ಭಾಗವನ್ನು. ಅದಕ್ಕೆ ಷಿಂಗ್ ಮುನ್ ರಿಡೌಟ್ ಎಂದು ಹೆಸರು. ರಿಡೌಟ್ ಎಂದರೆ ಸುತ್ತಲೂ ಕಾವಲಿರುವ ಚಿಕ್ಕ ಕೋಟೆ. ಬ್ರಿಟಿಷರು ಈ ರೇಖೆಯನ್ನು 1936ರಿಂದ 1938ರ ನಡುವೆ ಕಟ್ಟಿದರು. ಪಶ್ಚಿಮದಲ್ಲಿ ಜಿನ್ ಡ್ರಿಂಕರ್ಸ್ ಎಂಬ ಕೊಲ್ಲಿಯಿಂದ ಹೊರಟು, ಕೌಲೂನ್ ಪಟ್ಟಣದ ಬೆನ್ನಿಗಿರುವ ಗುಡ್ಡಸಾಲಿನ ಮೇಲೆ ಸುಮಾರು 18 ಕಿಲೋಮೀಟರ್ ಸಾಗಿ, ಪೂರ್ವದಲ್ಲಿ ಸಾಯ್ ಕುಂಗ್ ಕಡೆಯ ಪೋರ್ಟ್ ಷೆಲ್ಟರ್ ಎಂಬ ಕಡಲ ತೀರದಲ್ಲಿ ಅದು ಮುಗಿಯುತ್ತಿತ್ತು. ರೇಖೆಗೆ ಹೆಸರು ಕೊಟ್ಟ ಆ ಕೊಲ್ಲಿ ಇಂದು ಇಲ್ಲ. ಯುದ್ಧ ಮುಗಿದ ನಂತರದ ದಶಕಗಳಲ್ಲಿ ಅದನ್ನು ಮಣ್ಣು ಮತ್ತು ಕಸದಿಂದ ತುಂಬಿಸಿ ಕ್ವಾಯ್ ಚುಂಗ್ ಎಂಬ ನಗರ ಪ್ರದೇಶದೊಳಗೆ ಸೇರಿಸಿಕೊಂಡರು.

ರೇಖೆ ಎಂದಾಕ್ಷಣ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಬ್ಬಿಸಿದ ಗೋಡೆಯನ್ನು ಕಲ್ಪಿಸಿಕೊಳ್ಳಬಾರದು. ಇದ್ದದ್ದು ಗುಡ್ಡದ ಮೂಗಿನಲ್ಲಿ, ಕಣಿವೆಯ ಅಂಚಿನಲ್ಲಿ, ಕಾಲುದಾರಿಗಳು ಕೂಡುವಲ್ಲಿ ಬಿಡಿಬಿಡಿಯಾಗಿ ಕಟ್ಟಿದ ಕಾಂಕ್ರೀಟ್ ಕೋಣೆಗಳು. ಮಾತ್ರೆಯ ಡಬ್ಬಿಯಂತೆ ಕಾಣುವುದರಿಂದ ಸೈನಿಕರು ಅವನ್ನು ಪಿಲ್‌ಬಾಕ್ಸ್ ಎಂದು ಕರೆಯುತ್ತಾರೆ. ಪ್ರತಿಯೊಂದಕ್ಕೂ ಒಂದು ಅಂಕಿ ಇತ್ತು. ಷಿಂಗ್ ಮುನ್ ಗುಡ್ಡದ ಮೇಲಿನವು ನಾನೂರರ ಸರಣಿಯವು. ಒಂದು ಪಿಲ್‌ಬಾಕ್ಸಿನ ಮೆಷಿನ್ ಗನ್ ಎಲ್ಲಿಯವರೆಗೆ ಗುಂಡು ಹಾರಿಸಬಲ್ಲದೋ ಅಲ್ಲಿಂದ ಪಕ್ಕದ ಪಿಲ್‌ಬಾಕ್ಸಿನ ಗುರಿ ಆರಂಭವಾಗಬೇಕು, ಎರಡರ ಗುಂಡಿನ ಸುರಿಮಳೆ ನಡುವಿನ ಬಯಲಿನಲ್ಲಿ ಒಂದನ್ನೊಂದು ಹಾಯಬೇಕು ಎಂಬುದು ಲೆಕ್ಕಾಚಾರ. ಕೋಣೆಗಳ ನಡುವಿನ ಜಾಗವನ್ನು ಮುಳ್ಳುತಂತಿ, ಕಂದಕ ಮತ್ತು ಇದೆಲ್ಲಕ್ಕಿಂತ ಮುಖ್ಯವಾಗಿ ರಾತ್ರಿ ಹೊತ್ತು ಗಸ್ತು ತಿರುಗುವ ಸೈನಿಕರು ಕಾಯಬೇಕಿತ್ತು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ. ಈ ರೇಖೆಗೆ ಮುಂದೆ ಏನಾಯಿತು ಎಂಬುದು ಅದರಲ್ಲಿಯೇ ಇದೆ.

ಕಟ್ಟಿದ್ದೇಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1922ರ ವಾಷಿಂಗ್ಟನ್ ನೌಕಾ ಒಪ್ಪಂದದಲ್ಲಿ ಬ್ರಿಟನ್, ಅಮೆರಿಕ ಮತ್ತು ಜಪಾನ್ ದೇಶಗಳು ಪೆಸಿಫಿಕ್ ಭಾಗದ ತಮ್ಮ ಕೆಲವು ವಸಾಹತುಗಳಲ್ಲಿ ಹೊಸ ಕೋಟೆಕೊತ್ತಲಗಳನ್ನು ಕಟ್ಟುವುದಿಲ್ಲ ಎಂದು ಒಪ್ಪಿಕೊಂಡಿದ್ದವು. ಆ ಪಟ್ಟಿಯಲ್ಲಿ ಹಾಂಗ್‌ಕಾಂಗ್ ಸಹ ಇತ್ತು. 1931ರಲ್ಲಿ ಮಂಚೂರಿಯಾವನ್ನು ಆಕ್ರಮಿಸಿದ ಜಪಾನ್, 1934ರ ಕೊನೆಯಲ್ಲಿ ಈ ಒಪ್ಪಂದದಿಂದ ಹೊರಬರುವುದಾಗಿ ತಿಳಿಸಿತು. 1936ರ ಅಂತ್ಯಕ್ಕೆ ಒಪ್ಪಂದದ ಆಯುಷ್ಯ ಮುಗಿಯಿತು. ಹಾಂಗ್‌ಕಾಂಗ್ ದ್ವೀಪವನ್ನು ಉಳಿಸಿಕೊಳ್ಳಬೇಕಾದರೆ ಅದರ ಎದುರಿನ ಕೌಲೂನ್ ಭೂಭಾಗದಿಂದ ಶತ್ರುವಿನ ಫಿರಂಗಿಗಳನ್ನು ದೂರವಿಡಬೇಕು. ಬಂದರು, ಕಾಯ್ ತಾಕ್ ವಿಮಾನ ನಿಲ್ದಾಣ ಮತ್ತು ಕುಡಿಯುವ ನೀರಿನ ಜಲಾಶಯಗಳು ಎಲ್ಲವೂ ಆ ಗುಡ್ಡಸಾಲಿನ ಆಸರೆಯಲ್ಲಿದ್ದವು. ಹೀಗಾಗಿ ಗುಡ್ಡದ ನೆತ್ತಿಯ ಮೇಲೆಯೇ ತಡೆ ಹಾಕಬೇಕೆಂಬ ಯೋಚನೆ ಬಂದಿತು. ಕೆಲವರು ಇದನ್ನು ಜರ್ಮನಿಯ ಗಡಿಯಲ್ಲಿ ಫ್ರಾನ್ಸ್ ಕಟ್ಟಿದ್ದ ಪ್ರಸಿದ್ಧ ಮ್ಯಾಜಿನೋ ರಕ್ಷಣಾ ರೇಖೆಗೆ ಹೋಲಿಸಿದ್ದೂ ಉಂಟು. ಆ ಹೋಲಿಕೆ ಬಹಳ ದೊಡ್ಡ ಮಾತಾಯಿತು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಕೆಲಸ ಪೂರ್ಣಗೊಳ್ಳುವ ಮೊದಲೇ ಇಲ್ಲಿ ಯೋಜನೆ ಬದಲಾಯಿತು. 1938ರಲ್ಲಿ, ಭೂಭಾಗವನ್ನು ಹಿಡಿದಿಟ್ಟುಕೊಳ್ಳುವಷ್ಟು ಸೈನ್ಯ ಸಿಗುವುದಿಲ್ಲ ಎಂದು ಮನಗಂಡು ನಿರ್ಮಾಣವನ್ನು ನಿಲ್ಲಿಸಿ, ಗಮನವನ್ನೆಲ್ಲ ದ್ವೀಪದ ಕಡೆಗೆ ತಿರುಗಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಜಪಾನೀಯರು ಕ್ಯಾಂಟನ್ ನಗರವನ್ನು ಹಿಡಿದು ಹಾಂಗ್‌ಕಾಂಗಿನ ಗಡಿಯವರೆಗೂ ಬಂದು ನಿಂತರು. ಮೂರು ವರ್ಷ ಈ ಕೋಣೆಗಳು ಹೆಚ್ಚುಕಡಿಮೆ ಖಾಲಿಯೇ ಇದ್ದವು. ಅಂದರೆ ಇವುಗಳನ್ನು ಪಾಳು ಬಿಟ್ಟದ್ದು ಯುದ್ಧ ಮುಗಿದ ಮೇಲೆ ಮಾತ್ರವಲ್ಲ, ಯುದ್ಧ ಆರಂಭವಾಗುವ ಮೊದಲೇ ಒಮ್ಮೆ ಬಿಟ್ಟಾಗಿತ್ತು.

ಲಂಡನ್ ಬೀದಿಗಳ ಹೆಸರಿನ ವಿಷಯಕ್ಕೆ ಬರುತ್ತೇನೆ. ರಿಡೌಟ್ ಸುಮಾರು 12 ಎಕರೆಗಳಷ್ಟು ಹರಡಿಕೊಂಡಿದೆ. ಪಿಲ್‌ಬಾಕ್ಸುಗಳನ್ನೂ ಫಿರಂಗಿದಳದ ವೀಕ್ಷಣಾ ಕೊಠಡಿಯನ್ನೂ ನೆಲದಡಿಯ ಸುರಂಗಗಳು ಒಂದಕ್ಕೊಂದು ಜೋಡಿಸುತ್ತವೆ. ಕತ್ತಲಲ್ಲಿ ಸೈನಿಕರಿಗೆ ದಿಕ್ಕು ತಪ್ಪದಿರಲೆಂದು ಪ್ರತಿ ಸುರಂಗಕ್ಕೂ ಅವರಿಗೆ ಬಾಯಿಪಾಠವಾಗಿದ್ದ ಹೆಸರನ್ನೇ ಇಟ್ಟರು: ಚಾರಿಂಗ್ ಕ್ರಾಸ್, ರೀಜೆಂಟ್ ಸ್ಟ್ರೀಟ್, ಪಿಕಡಿಲ್ಲಿ, ಹೇಮಾರ್ಕೆಟ್, ಷಾಫ್ಟ್ಸ್‌ಬರಿ ಅವೆನ್ಯೂ. ಒಂದು ಜಾಗಕ್ಕೆ ಸ್ಟ್ರಾಂಡ್ ಪ್ಯಾಲೇಸ್ ಹೋಟೆಲ್ ಎಂಬ ಹೆಸರೂ ಇತ್ತು. ನಾನು ಅಲ್ಲಿಗೆ ಹೋಗಿದ್ದಾಗ ಷಾಫ್ಟ್ಸ್‌ಬರಿ ಅವೆನ್ಯೂವಿನ ಬಾಯಿಯ ಬಳಿ ಬಹಳ ಹೊತ್ತು ನಿಂತಿದ್ದೆ. ಸಿಮೆಂಟಿನ ಮೇಲಿನ ಅಕ್ಷರಗಳ ಅಂಚು ಇನ್ನೂ ಬೆರಳಿಗೆ ಹತ್ತುತ್ತದೆ. ಒಳಗೆ ಟಾರ್ಚ್ ಬಿಟ್ಟರೆ ಗೋಡೆಯ ಮೇಲೆ ಅಡ್ಡಡ್ಡ ಗೆರೆಗಳು ಕಾಣುತ್ತವೆ. ಅವು ಕಾಂಕ್ರೀಟ್ ಸುರಿಯುವಾಗ ಕಟ್ಟಿದ್ದ ಸೆಂಟ್ರಿಂಗ್ ಹಲಗೆಗಳ ಗುರುತು. ಕೆಲವು ಕಡೆ ಹಲಗೆಯ ಮರದ ನಾರು ಕೂಡ ಹಾಗೆಯೇ ಮೂಡಿ ನಿಂತಿದೆ. ಮನೆ ಕಟ್ಟಿಸಿದವರಿಗೆಲ್ಲ ಪರಿಚಿತವಾದ ಗುರುತು ಅದು. ಆ ಹಲಗೆ ಹೊಡೆದ, ಜಲ್ಲಿ ಹೊತ್ತ ಕೈಗಳ ಹೆಸರನ್ನು ಮಾತ್ರ ಅಲ್ಲಿ ಯಾರೂ ಕೆತ್ತಿಲ್ಲ.

ಪ್ರಶ್ನೆ: ನಮ್ಮೂರ ಕೋಟೆಯ ಮಗ್ಗುಲಲ್ಲಿ ಬೆಳೆದ ನನಗೆ ಒಂದು ಸಂಶಯ. ಕಲ್ಲಿನ ಕೋಟೆಗಳೇ ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದಿರುವಾಗ, ಉಕ್ಕು ಮತ್ತು ಕಾಂಕ್ರೀಟಿನಿಂದ ಕಟ್ಟಿದ ಹಾಂಗ್‌ಕಾಂಗಿನ ರೇಖೆ ಒಂದೇ ರಾತ್ರಿಯಲ್ಲಿ ಮುರಿಯಿತು ಎಂದು ಓದಿದ್ದೇನೆ. ಇದು ನಿಜವೇ? ಕಾಂಕ್ರೀಟ್ ಕಳಪೆಯಾಗಿತ್ತೇ?
— ಓದುಗರು, ಚಿತ್ರದುರ್ಗ

ಉತ್ತರ: ನಿಜ. ಕಾಂಕ್ರೀಟಿನಲ್ಲಿ ಮಾತ್ರ ದೋಷವಿರಲಿಲ್ಲ. ಎಂಟು ದಶಕ ದಾಟಿದರೂ ಅದು ನಿಂತಿರುವುದೇ ಇದಕ್ಕೆ ಸಾಕ್ಷಿ. ಕೊರತೆ ಇದ್ದದ್ದು ಕಾಯುವ ಜನರದು.

ಜಪಾನೀ ದಾಳಿ ಆರಂಭವಾದದ್ದು 1941ರ ಡಿಸೆಂಬರ್ 8ರ ಬೆಳಿಗ್ಗೆ. ಕಾಯ್ ತಾಕ್ ವಿಮಾನ ನಿಲ್ದಾಣದ ಮೇಲೆ ಬಾಂಬು ಬಿದ್ದ ಹೊತ್ತಿಗೇ ಜಪಾನೀ ಪದಾತಿ ಗಡಿಯ ನದಿಯನ್ನು ದಾಟುತ್ತಿತ್ತು. ಅದಕ್ಕೆ ಮೂರು ವಾರ ಮುಂಚೆ, ನವೆಂಬರ್ 16ರಂದು, ಕೆನಡಾದಿಂದ ತಲಾ ಸಾವಿರದಷ್ಟು ಸೈನಿಕರ ಎರಡು ಬೆಟಾಲಿಯನ್‌ಗಳು ಬಂದಿಳಿದಿದ್ದವು. ಆ ಭರವಸೆಯ ಮೇಲೆ ಸೇನಾಧಿಪತಿ ಮೇಜರ್ ಜನರಲ್ ಮಾಲ್ಟ್‌ಬಿ ಅವರು 1938ರಲ್ಲಿ ಕೈಬಿಟ್ಟಿದ್ದ ಈ ರೇಖೆಗೆ ಮತ್ತೆ ಜನರನ್ನು ಕಳುಹಿಸಿದರು. ಹೀಗೆ ಕಳುಹಿಸಿದ್ದು ಮೂರು ಬೆಟಾಲಿಯನ್‌ಗಳನ್ನು: ಎಡಕ್ಕೆ ರಾಯಲ್ ಸ್ಕಾಟ್ಸ್, ನಡುವೆ ಪಂಜಾಬ್, ಬಲಕ್ಕೆ ರಜಪೂತ್. 18 ಕಿಲೋಮೀಟರ್ ಗುಡ್ಡಗಾಡನ್ನು ಮೂರು ಪಾಲು ಮಾಡಿದರೆ ಒಂದೊಂದು ಬೆಟಾಲಿಯನ್ನಿಗೆ ಆರು ಕಿಲೋಮೀಟರ್ ಬರುತ್ತದೆ. ಅದೂ ನಕ್ಷೆಯ ಮೇಲಿನ ದೂರ; ಏರಿಳಿತಗಳನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು. ಇಷ್ಟು ಉದ್ದದ ರೇಖೆಯನ್ನು ಸರಿಯಾಗಿ ಕಾಯಲು ಒಂದು ಇಡೀ ಡಿವಿಷನ್, ಅಂದರೆ ಹಲವು ಬೆಟಾಲಿಯನ್ನುಗಳು ಸೇರಿದ ದೊಡ್ಡ ಪಡೆ, ಬೇಕಿತ್ತು. ಸಾಲದ್ದಕ್ಕೆ, ರಾಯಲ್ ಸ್ಕಾಟ್ಸ್‌ನ ಬಹಳಷ್ಟು ಮಂದಿ ಆ ಕಣಿವೆಯ ಸೊಳ್ಳೆಗಳಿಂದ ಮಲೇರಿಯಾ ಹಿಡಿದು ಆಸ್ಪತ್ರೆ ಸೇರಿದ್ದರು. ಮಲೆನಾಡಿನ ಹಳೆಯ ಚಳಿಜ್ವರದ ಕಥೆಗಳನ್ನು ಕೇಳಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ನೂರಕ್ಕೂ ಹೆಚ್ಚು ಸೈನಿಕರ ಒಂದು ಪೂರ್ಣ ಕಂಪನಿಯಾದರೂ ಬೇಕಾಗಿದ್ದ ಷಿಂಗ್ ಮುನ್ ರಿಡೌಟಿನಲ್ಲಿ ದಾಳಿಯ ರಾತ್ರಿ ಇದ್ದವರು ನಲವತ್ತರ ಆಸುಪಾಸು ಮಂದಿ.

ಎದುರಿನಲ್ಲಿ ಇದ್ದದ್ದು ಜಪಾನಿನ 38ನೇ ಡಿವಿಷನ್. ರೇಖೆಯನ್ನು ಮುರಿಯಲು ಅವರು ಫಿರಂಗಿಗಳನ್ನು ತಂದು, ಸಿದ್ಧತೆ ಮಾಡಿಕೊಂಡು, ಕ್ರಮವಾಗಿ ದಾಳಿ ನಡೆಸುವ ಯೋಜನೆ ಹಾಕಿದ್ದರು. ಆದರೆ 228ನೇ ರೆಜಿಮೆಂಟಿನ ಕರ್ನಲ್ ದೋಯಿ ಎಂಬುವರು ಮುಂದೆ ಬಂದು ಎದುರಿನ ಎತ್ತರದಿಂದ ರಿಡೌಟನ್ನು ಪರಿಶೀಲಿಸಿದಾಗ ಅಲ್ಲಿ ಕಾವಲು ತೆಳುವಾಗಿದೆ ಎಂಬುದು ಅವರಿಗೆ ಕಂಡಿತು. ರಿಡೌಟ್ ಅವರ ಪಾಲಿಗೆ ಬಂದ ಪ್ರದೇಶವೂ ಆಗಿರಲಿಲ್ಲ, ಪಕ್ಕದ ರೆಜಿಮೆಂಟಿನದು. ಮೇಲಧಿಕಾರಿಗಳ ಅಪ್ಪಣೆಗೆ ಕಾಯದೆ ಡಿಸೆಂಬರ್ 9ರ ರಾತ್ರಿ ಹನ್ನೊಂದರ ಸುಮಾರಿಗೆ ಅವರು ತಮ್ಮ ಜನರನ್ನು ಮೇಲೆ ಹತ್ತಿಸಿದರು. ಸಪ್ಪಳವಾಗದ ರಬ್ಬರ್ ಅಡಿಯ ಬೂಟು ತೊಟ್ಟಿದ್ದ ಆ ಸೈನಿಕರು ಮುಳ್ಳುತಂತಿ ಕತ್ತರಿಸಿಕೊಂಡು ಪಿಲ್‌ಬಾಕ್ಸುಗಳ ತಲೆಯ ಮೇಲೆಯೇ ಬಂದು ನಿಂತರು.

ಇಲ್ಲಿ ಪಿಲ್‌ಬಾಕ್ಸಿನ ಒಂದು ಸ್ವಭಾವವನ್ನು ಅರಿಯಬೇಕು. ಅದಕ್ಕೆ ಕಣ್ಣು ಇರುವುದು ಗುಂಡುಕಿಂಡಿ ಇರುವ ದಿಕ್ಕಿನಲ್ಲಿ ಮಾತ್ರ. ಎದುರಿನ ಇಳಿಜಾರಿನ ಮೇಲೆ ನೂರು ಜನ ಬಂದರೂ ಒಂದು ಮೆಷಿನ್ ಗನ್ ಅವರನ್ನು ತಡೆದೀತು. ಛಾವಣಿಯ ಮೇಲೆ ನಿಂತ ಒಬ್ಬನನ್ನು ಅದು ಏನೂ ಮಾಡಲಾರದು. ಅವನನ್ನು ತಡೆಯಬೇಕಾದವರು ಹೊರಗೆ ಗಸ್ತು ತಿರುಗುವವರು. ಆ ರಾತ್ರಿ ಹೊರಗೆ ಸಾಕಷ್ಟು ಜನರಿರಲಿಲ್ಲ. ಒಳಗಿನವರ ಉಸಿರಾಟಕ್ಕೆಂದು ಬಿಟ್ಟಿದ್ದ ಗಾಳಿಕಿಂಡಿಗಳ ಮೂಲಕ ಜಪಾನೀಯರು ಕೈಬಾಂಬುಗಳನ್ನು ಇಳಿಬಿಟ್ಟರು. ಇಂದಿಗೂ ರಿಡೌಟಿನ ಮೇಲ್ಭಾಗದ ಹುಲ್ಲಿನ ನಡುವೆ ಆ ಕಿಂಡಿಗಳ ಬಾಯಿ ಕಾಣುತ್ತದೆ. ಅದರ ಪಕ್ಕ ಕುಳಿತು ಕೆಳಗಿನ ಕತ್ತಲನ್ನು ನೋಡಿದಾಗ ನನ್ನ ಎದೆ ಭಾರವಾಯಿತು. ಒನಕೆ ಹಿಡಿದು ಕಿಂಡಿ ಕಾದ ಓಬವ್ವನ ಊರಿನವರಾದ ತಮಗೆ, ಕಾಯುವವರಿಲ್ಲದ ಕಿಂಡಿ ಎಂದರೆ ಏನೆಂಬುದು ನನಗಿಂತ ಚೆನ್ನಾಗಿ ಗೊತ್ತು. ಸುರಂಗಗಳೊಳಗೆ ಕೈಕೈ ಕಾಳಗ ನಡೆಯಿತು. ಬೆಳಗಾಗುವ ಮೊದಲೇ ರಿಡೌಟಿನ ಬಹುಪಾಲು ಜಪಾನೀಯರ ಕೈ ಸೇರಿತ್ತು. ಒಂದು ಪಿಲ್‌ಬಾಕ್ಸಿನವರು ಮಾತ್ರ ಮರುದಿನ ಹಗಲಿನಲ್ಲೂ ಸೋಲೊಪ್ಪದೆ ಒಳಗೇ ಉಳಿದಿದ್ದರು. ಒಳಗಿನ ಗೋಡೆಯೊಂದರ ಮೇಲೆ ವಾಕಬಯಾಶಿ ಎಂಬ ಅಧಿಕಾರಿಯ ತುಕಡಿ ಇದನ್ನು ವಶಪಡಿಸಿಕೊಂಡಿತು ಎಂಬರ್ಥದ ಅಕ್ಷರಗಳನ್ನು ಗೆದ್ದವರು ಕೆತ್ತಿದ್ದಾರೆ. ಲಂಡನ್ ಬೀದಿಯ ಹೆಸರು ಮತ್ತು ಈ ಬರಹ ಎರಡೂ ಒಂದೇ ಸುರಂಗಜಾಲದಲ್ಲಿ ಉಳಿದುಕೊಂಡಿವೆ.

ಕನಿಷ್ಠ ಒಂದು ವಾರವಾದರೂ ಶತ್ರುವನ್ನು ತಡೆಯಬೇಕಾಗಿದ್ದ ರೇಖೆಯ ಬೀಗವೇ ಹೀಗೆ ಕಳಚಿತು. ಡಿಸೆಂಬರ್ 11ರಂದು ಗೋಲ್ಡನ್ ಹಿಲ್ ಎಂಬ ಗುಡ್ಡದ ಮೇಲೂ ಹೋರಾಟ ನಡೆದು, ಅಂದೇ ಮಧ್ಯಾಹ್ನ ಭೂಭಾಗದಿಂದ ಹಿಂದೆ ಸರಿಯಲು ಆಜ್ಞೆ ಹೊರಟಿತು. ಉಳಿದದ್ದು ದ್ವೀಪದ ಯುದ್ಧ. ಡಿಸೆಂಬರ್ 25ರ ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಶರಣಾಯಿತು. ಅಲ್ಲಿನ ಜನ ಜಪಾನೀ ಆಡಳಿತದ ಕಾಲವನ್ನು ಇಂದಿಗೂ ‘ಮೂರು ವರ್ಷ ಎಂಟು ತಿಂಗಳು’ ಎಂದು ಎಣಿಸಿಯೇ ಹೇಳುತ್ತಾರೆ.

ಆ ರಾತ್ರಿ ಕಾವಲಿದ್ದ ಸ್ಕಾಟ್ ಸೈನಿಕರ ಮೇಲೆ ಸೋಲಿನ ಪೂರ್ತಿ ಹೊಣೆ ಹೊರಿಸಿದವರು ಬಹಳ ಮಂದಿ. ನಾನು ಅದನ್ನು ಒಪ್ಪುವುದಿಲ್ಲ. ಹಾಂಗ್‌ಕಾಂಗನ್ನು ಉಳಿಸಿಕೊಳ್ಳಲು ಸಾಧ್ಯವೇ ಇಲ್ಲ ಎಂಬ ಅಭಿಪ್ರಾಯವನ್ನು ಪ್ರಧಾನಿ ಚರ್ಚಿಲ್ ಅವರೇ 1941ರ ಆರಂಭದಲ್ಲಿ ಬರೆದಿದ್ದರು. ಮೂರು ವರ್ಷ ಬೀಗ ಹಾಕಿದ ಮನೆಗೆ ಕೊನೆಯ ಮೂರು ವಾರದಲ್ಲಿ ಜ್ವರ ಹಿಡಿದವರನ್ನು ಕಾವಲಿಗೆ ಕಳುಹಿಸಿದರೆ, ಕಳ್ಳ ಒಳಗೆ ಬಂದ ತಪ್ಪನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಪ್ರಶ್ನೆ: ನಾನು ಸೈನ್ಯದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಹಾಂಗ್‌ಕಾಂಗ್ ಯುದ್ಧದಲ್ಲಿ ಭಾರತೀಯ ಪಲ್ಟನುಗಳೂ ಇದ್ದವೆಂದು ಹಿರಿಯರಿಂದ ಕೇಳಿದ್ದೆ. ಆ ಬಂಕರುಗಳಲ್ಲಿ ನಮ್ಮವರೂ ಇದ್ದರೇ? ಅವರ ನೆನಪಿಗೆ ಅಲ್ಲಿ ಏನಾದರೂ ಉಂಟೇ?
— ನಿವೃತ್ತ ಸುಬೇದಾರರು, ಮಡಿಕೇರಿ

ಉತ್ತರ: ಸುಬೇದಾರರೇ, ತಮ್ಮ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ ತಂದಿದೆ. ಈ ರೇಖೆಯ ಕಥೆಯನ್ನು ಹೇಳುವವರು ಬ್ರಿಟಿಷರು, ಕೆನಡಾದವರು, ಜಪಾನೀಯರು ಎಂದು ಹೇಳಿ ಮುಗಿಸಿಬಿಡುತ್ತಾರೆ. ಆದರೆ ರೇಖೆಯನ್ನು ಕಾದ ಮೂರು ಬೆಟಾಲಿಯನ್‌ಗಳಲ್ಲಿ ಎರಡು ಭಾರತೀಯ ಸೇನೆಯವು: 14ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್ ಮತ್ತು 7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್. ಅಂದರೆ ರೇಖೆಯ ಮೂರರಲ್ಲಿ ಎರಡು ಪಾಲು ನಮ್ಮವರ ಕೈಯಲ್ಲಿತ್ತು. ಇದಲ್ಲದೆ ಹಾಂಗ್‌ಕಾಂಗ್ ಸಿಂಗಪುರ ರಾಯಲ್ ಆರ್ಟಿಲರಿ ಎಂಬ ಫಿರಂಗಿದಳದ ಗೋಲಂದಾಜರೆಲ್ಲ ಹೆಚ್ಚಾಗಿ ಪಂಜಾಬಿನಿಂದ ಭರ್ತಿಯಾದ ಸಿಖ್ಖರು ಮತ್ತು ಮುಸಲ್ಮಾನರು. ಬೆಟ್ಟದ ಮೇಲೆ ಹೇಸರಗತ್ತೆಗಳ ಬೆನ್ನಿನ ಮೇಲೆ ತೋಪುಗಳನ್ನು ಸಾಗಿಸಿದವರು ಅವರೇ. ಸೇನಾಧಿಪತಿ ಮಾಲ್ಟ್‌ಬಿ ಅವರೂ ಭಾರತೀಯ ಸೇನೆಯಲ್ಲಿಯೇ ಬೆಳೆದ ಅಧಿಕಾರಿ.

ಗಡಿಯಲ್ಲಿ ಮೊದಲ ದಿನ ಶತ್ರುವನ್ನು ಎದುರಿಸಿದ್ದು ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ. ಸೇತುವೆಗಳನ್ನೂ ರಸ್ತೆಗಳನ್ನೂ ಸ್ಫೋಟಿಸುತ್ತ, ಹಿಂದೆ ಸರಿಯುತ್ತ, ತಾಯ್ ಪೋ ಕಡೆಯಲ್ಲಿ ಹೊಂಚು ಹಾಕಿ ಹೊಡೆಯುತ್ತ ಅವರು ಜಪಾನೀಯರ ನಡಿಗೆಯನ್ನು ನಿಧಾನಗೊಳಿಸಿದರು. ರಿಡೌಟ್ ಬಿದ್ದ ನಂತರ, ಪಕ್ಕದ ಗುಡ್ಡದ ಏಣಿನ ಮೇಲೆ ನಿಂತು ಶತ್ರು ಇನ್ನೂ ಮುಂದಕ್ಕೆ ನುಗ್ಗದಂತೆ ತಡೆದದ್ದು ರಜಪೂತ್ ಬೆಟಾಲಿಯನ್ನಿನ ಒಂದು ಕಂಪನಿ. ಭೂಭಾಗದಿಂದ ಎಲ್ಲರೂ ದ್ವೀಪಕ್ಕೆ ದಾಟುವವರೆಗೆ ಡೆವಿಲ್ಸ್ ಪೀಕ್ ಎಂಬ ಗುಡ್ಡದ ಮೇಲೆ ಹಿಂಗಾವಲಾಗಿ ನಿಂತು, ಡಿಸೆಂಬರ್ 13ರ ಬೆಳಿಗ್ಗೆ ಕೊನೆಯವರಾಗಿ ದೋಣಿ ಹತ್ತಿದವರೂ ರಜಪೂತರೇ. ಹಿಂಗಾವಲಿನ ಕೆಲಸ ಎಂಥದ್ದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಐದು ದಿನಗಳ ನಂತರ, ಡಿಸೆಂಬರ್ 18ರ ರಾತ್ರಿ, ಜಪಾನೀಯರು ಕಡಲು ದಾಟಿ ದ್ವೀಪದ ಉತ್ತರ ದಡದಲ್ಲಿ ಇಳಿದದ್ದು ಅದೇ ಬೆಟಾಲಿಯನ್ ಕಾಯುತ್ತಿದ್ದ ಜಾಗದಲ್ಲಿ. ಆ ಒಂದು ರಾತ್ರಿಯಲ್ಲಿ ಅದರ ಬಹುಪಾಲು ಅಧಿಕಾರಿಗಳು ಸತ್ತರು ಅಥವಾ ಗಾಯಗೊಂಡರು. ಬೆಟಾಲಿಯನ್ ಒಂದು ಘಟಕವಾಗಿ ಉಳಿಯಲಿಲ್ಲ.

ಒಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ಅದೇ ರಜಪೂತ್ ಬೆಟಾಲಿಯನ್ನಿನ ಕ್ಯಾಪ್ಟನ್ ಮತೀನ್ ಅಹಮದ್ ಅನ್ಸಾರಿ, ಹೈದರಾಬಾದಿನವರು. ಸೆರೆಯಾದ ಅವರಿಗೆ ಸಂಸ್ಥಾನವೊಂದರ ಅರಸು ಮನೆತನದ ನಂಟಿದೆ ಎಂದು ತಿಳಿದ ಜಪಾನೀಯರು, ಬ್ರಿಟಿಷರಿಗೆ ಕೊಟ್ಟ ನಿಷ್ಠೆಯನ್ನು ಬಿಟ್ಟು ಉಳಿದ ಭಾರತೀಯ ಸೆರೆಯಾಳುಗಳ ಮನಸ್ಸನ್ನೂ ತಿರುಗಿಸುವಂತೆ ಒತ್ತಾಯಿಸಿದರು. ಅವರು ಒಪ್ಪಲಿಲ್ಲ. ಸ್ಟ್ಯಾನ್ಲಿ ಸೆರೆಮನೆಯಲ್ಲಿ ಹಸಿವು ಮತ್ತು ಚಿತ್ರಹಿಂಸೆಯಿಂದ ನಡೆಯಲಾಗದ ಸ್ಥಿತಿಗೆ ಬಂದರೂ ಒಪ್ಪಲಿಲ್ಲ. ಸೆರೆಯಾಳುಗಳು ತಪ್ಪಿಸಿಕೊಳ್ಳಲು ಗುಟ್ಟಾಗಿ ನೆರವಾಗುವ ಕೆಲಸವನ್ನೂ ನಿಲ್ಲಿಸಲಿಲ್ಲ. 1943ರ ಅಕ್ಟೋಬರಿನಲ್ಲಿ ಸುಮಾರು ಮೂವತ್ತು ಮಂದಿ ಇತರರೊಂದಿಗೆ ಅವರ ಶಿರಚ್ಛೇದ ಮಾಡಲಾಯಿತು. 1946ರಲ್ಲಿ ಅವರಿಗೆ ಮರಣೋತ್ತರವಾಗಿ ಬ್ರಿಟನ್ನಿನ ಉನ್ನತ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ನೀಡಲಾಯಿತು. ಅವರ ಸಮಾಧಿ ಸ್ಟ್ಯಾನ್ಲಿಯ ಸೈನಿಕ ಸ್ಮಶಾನದಲ್ಲಿದೆ. ಪರರ ಸಾಮ್ರಾಜ್ಯಕ್ಕಾಗಿ ಏಕೆ ಪ್ರಾಣ ಕೊಡಬೇಕಿತ್ತು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಅದರದೇ ತೂಕವಿದೆ. ಆದರೆ ಕೈಕೆಳಗಿನ ಜವಾನರನ್ನು ಬಿಟ್ಟುಕೊಡದ ಅಧಿಕಾರಿಯೊಬ್ಬರ ಹೆಸರನ್ನು ಮರೆಯಲು ಅದು ನೆಪವಾಗಬಾರದು ಎಂಬುದು ನನ್ನ ಮನವಿ.

ಸ್ಮಾರಕದ ವಿಷಯ. ದ್ವೀಪದ ಪೂರ್ವಕ್ಕಿರುವ ಚಾಯ್ ವಾನ್ ಎಂಬಲ್ಲಿ, ಕಡಲ ಕಡೆಗೆ ಇಳಿಯುವ ಗುಡ್ಡದ ಮೇಲೆ ಸಾಯ್ ವಾನ್ ಯುದ್ಧ ಸ್ಮಶಾನವಿದೆ. ಅದರ ಹೆಬ್ಬಾಗಿಲಿನಲ್ಲಿ, ಸಮಾಧಿಯೇ ಸಿಗದ 2000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಒಳಗೆ, ತಮ್ಮ ಧರ್ಮದ ಪ್ರಕಾರ ದಹನ ಸಂಸ್ಕಾರ ಪಡೆದ ಸೈನಿಕರಿಗೆಂದು ಪ್ರತ್ಯೇಕ ಸ್ಮಾರಕವೂ ಇದೆ. ಅಲ್ಲಿ ಸಿಂಗ್, ರಾಮ್ ಎಂದು ಮುಗಿಯುವ ಹೆಸರುಗಳ ಸಾಲುಗಳನ್ನು ಓದುತ್ತ ಹೋಗಬಹುದು. 1947ರ ವಿಭಜನೆಯಲ್ಲಿ 14ನೇ ಪಂಜಾಬ್ ರೆಜಿಮೆಂಟ್ ಪಾಕಿಸ್ತಾನದ ಪಾಲಿಗೂ 7ನೇ ರಜಪೂತ್ ರೆಜಿಮೆಂಟ್ ಭಾರತದ ಪಾಲಿಗೂ ಹೋದವು. ಒಂದೇ ಗುಡ್ಡಸಾಲಿನ ಮೇಲೆ ಅಕ್ಕಪಕ್ಕ ನಿಂತವರ ನೆನಪನ್ನು ಎರಡೂ ದೇಶಗಳು ತಮ್ಮದೆಂದು ಹೆಚ್ಚಾಗಿ ಹೇಳಿಕೊಳ್ಳದೆ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಪ್ರಶ್ನೆ: ಇಷ್ಟು ಹಳೆಯ ಕಾಂಕ್ರೀಟ್ ಕಟ್ಟಡಗಳು ಮಳೆ, ಕಡಲ ಗಾಳಿ, ಮರದ ಬೇರುಗಳ ನಡುವೆ ಹೇಗೆ ಉಳಿದಿವೆ? ಕೆಡವದೆ ಬಿಟ್ಟಿರುವುದೇಕೆ?
— ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಕೆಡವದಿರುವುದಕ್ಕೆ ಕಾರಣ ಸರಳ. ರೇಖೆಯ ಬಹುಭಾಗ ಹಾದುಹೋಗುವ ಗುಡ್ಡಗಳು 1970ರ ದಶಕದಿಂದ ಸಂರಕ್ಷಿತ ಉದ್ಯಾನಗಳಾದವು. ಅಲ್ಲಿ ಮನೆ, ಕಾರ್ಖಾನೆ ಕಟ್ಟುವಂತಿಲ್ಲವಾದ್ದರಿಂದ ಕಾಡಿನ ಜೊತೆಗೆ ಬಂಕರುಗಳೂ ಉಳಿದವು. ಊರು ಬೆಳೆದು ಬಂದ ತಗ್ಗಿನ ಜಾಗಗಳಲ್ಲಿ ಈ ಅದೃಷ್ಟವಿರಲಿಲ್ಲ.

ಕಾಂಕ್ರೀಟ್ ಉಳಿದದ್ದು ಮುಖ್ಯವಾಗಿ ಅದರ ದಪ್ಪದಿಂದ. ಹೊಸ ಕಾಂಕ್ರೀಟ್ ಕ್ಷಾರ ಗುಣದ್ದು. ಆ ಕ್ಷಾರ ಒಳಗಿನ ಕಬ್ಬಿಣದ ಸರಳಿನ ಮೇಲೆ ತೆಳುವಾದ ರಕ್ಷಾಪದರವನ್ನು ಉಂಟುಮಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ಒಳಕ್ಕೆ ವರ್ಷಕ್ಕೆ ಕೂದಲೆಳೆಯಷ್ಟು ನಿಧಾನವಾಗಿ ಇಳಿಯುತ್ತ ಆ ಕ್ಷಾರವನ್ನು ಕಳೆಯುತ್ತದೆ. ಅದು ಸರಳನ್ನು ಮುಟ್ಟಿದ ಮೇಲೆ ತುಕ್ಕು ಆರಂಭ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟಿನ ಚಕ್ಕೆಯನ್ನು ಹಾರಿಸುತ್ತದೆ. ಷಿಂಗ್ ಮುನ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಗೋಡೆಯ ನಡುಭಾಗ ಗಟ್ಟಿಮುಟ್ಟಾಗಿದ್ದರೂ ಗುಂಡುಕಿಂಡಿಯ ತೆಳುವಾದ ಅಂಚಿನಲ್ಲಿ ಚಕ್ಕೆ ಎದ್ದು, ಕೆಂಪು ಬಣ್ಣದ ಸರಳು ಹೊರಗೆ ಕಾಣುತ್ತದೆ. ಗುಂಡು ಮತ್ತು ಸ್ಫೋಟದಿಂದ ಒಡೆದ ಜಾಗಗಳೂ ಇವೆ. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಒಳ್ಳೆಯ ಅಭ್ಯಾಸ. ತುಕ್ಕಿನಿಂದ ಎದ್ದ ಚಕ್ಕೆ ಸರಳಿನ ಉದ್ದಕ್ಕೂ ಸಾಲಾಗಿ ಹೋಗಿರುತ್ತದೆ; ಸ್ಫೋಟದ ಗಾಯ ಬಟ್ಟಲಿನಂತೆ ಒಂದೆಡೆ ತಗ್ಗಾಗಿರುತ್ತದೆ, ಅದರ ಸುತ್ತ ಬಿರುಕುಗಳು ಹರಡಿರುತ್ತವೆ. ಉಕ್ಕಿನ ಬಾಗಿಲುಗಳು ಹೆಚ್ಚಿನ ಕಡೆ ಇಲ್ಲ, ಅವುಗಳ ಗೂಟ ಕೂರಿಸಿದ್ದ ತೂತುಗಳು ಮಾತ್ರ ಉಳಿದಿವೆ.

ಪ್ರಶ್ನೆ: ಬೇರೆ ನಗರಗಳ ಸುತ್ತಲೂ ಯುದ್ಧಕ್ಕೆ ಮುಂಚಿನ ಇಂಥ ರೇಖೆಗಳು ಉಂಟೇ? ಎಲ್ಲವೂ ಹೀಗೆಯೇ ಸುಲಭವಾಗಿ ಬಿದ್ದವೇ?
— ಓದುಗರು, ಉಡುಪಿ

ಉತ್ತರ: ಉಂಟು. ಉಕ್ರೇನಿನ ಕೀವ್ ನಗರದ ಪಶ್ಚಿಮಕ್ಕೆ ಸೋವಿಯತ್ ಸರ್ಕಾರ 1929ರಿಂದ ಕಟ್ಟಿದ ಬಂಕರುಗಳ ಕಮಾನು ಒಳ್ಳೆಯ ಉದಾಹರಣೆ. ಇನ್ನೂರಕ್ಕೂ ಹೆಚ್ಚು ಕಾಂಕ್ರೀಟ್ ನೆಲೆಗಳಿದ್ದ ಅದನ್ನೂ ಒಮ್ಮೆ ಕೈಬಿಟ್ಟು, 1941ರಲ್ಲಿ ಜರ್ಮನರು ಬಂದಾಗ ಅವಸರದಿಂದ ಮತ್ತೆ ಸಜ್ಜುಗೊಳಿಸಿದರು. ಅಲ್ಲಿ ಆದದ್ದು ಹಾಂಗ್‌ಕಾಂಗಿಗೆ ತೀರ ವಿರುದ್ಧ. ಬಂಕರುಗಳಲ್ಲಿಯೂ ಅವುಗಳ ನಡುವೆಯೂ ಸಾಕಷ್ಟು ಸೈನ್ಯವಿತ್ತು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎದುರಿನಿಂದ ಅದನ್ನು ಮುರಿಯಲು ಜರ್ಮನರಿಂದ ಆಗಲಿಲ್ಲ. ಕೊನೆಗೆ ಅವರು ಬಹಳ ದೂರದಿಂದ ಸುತ್ತಿ ಬಂದು ಇಡೀ ಸೋವಿಯತ್ ಸೇನಾ ಸಮೂಹವನ್ನೇ ಹಿಂದಿನಿಂದ ಬಳಸಿದ್ದರಿಂದ ಸೆಪ್ಟೆಂಬರ್ 19ರಂದು ಕೀವ್ ಬಿದ್ದಿತು.

ಪ್ರಶ್ನೆ: ಮುಂದಿನ ತಿಂಗಳು ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಹೋಗುತ್ತಿದ್ದೇನೆ. ಒಂದು ದಿನ ಬಿಡುವಿದೆ. ಷಿಂಗ್ ಮುನ್ ನೋಡುವುದು ಹೇಗೆ? ಒಳಗೆ ಇಳಿಯುವುದು ಸುರಕ್ಷಿತವೇ?
— ಓದುಗರು, ಬೆಂಗಳೂರು

ಉತ್ತರ: ಸುನ್ ವಾನ್ ಪಟ್ಟಣದಿಂದ 82ನೇ ಸಂಖ್ಯೆಯ ಹಸಿರು ಮಿನಿಬಸ್ಸು ಜಲಾಶಯದವರೆಗೆ ಹೋಗುತ್ತದೆ. ಅಲ್ಲಿಂದ ಜಲಾಶಯದ ಅಂಚಿನಲ್ಲಿ ನಡೆದು ದೊಡ್ಡ ಅಣೆಕಟ್ಟಿನ ಕಡೆಗೆ ಬಂದರೆ 100 ಕಿಲೋಮೀಟರ್ ಉದ್ದದ ಮೆಕ್ಲೀಹೋಸ್ ಚಾರಣ ದಾರಿ ಸಿಗುತ್ತದೆ. ಅದರ 6ನೇ ಹಂತ ರಿಡೌಟಿನ ನಡುವೆಯೇ ಹಾದುಹೋಗುತ್ತದೆ. ಈ ಹಂತ ಐದು ಕಿಲೋಮೀಟರಿಗಿಂತ ಕಡಿಮೆ. ಅವಸರವಿಲ್ಲದೆ ನೋಡಿಕೊಂಡು ಹೋದರೆ ಅರ್ಧ ದಿನ ಸಾಕು. ದಾರಿಯುದ್ದಕ್ಕೂ ಕೋತಿಗಳಿವೆ. ಅವಕ್ಕೆ ತಿನ್ನಲು ಕೊಡುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ತಿಂಡಿಯನ್ನು ಕೈಯಲ್ಲಿ ಹಿಡಿಯದೆ ಚೀಲದೊಳಗೆ ಇಟ್ಟುಕೊಳ್ಳಿ.

ಸುರಂಗಗಳಲ್ಲಿ ದೀಪವಿಲ್ಲ. ಛಾವಣಿ ತಗ್ಗಾಗಿದೆ, ಕೆಲವು ಭಾಗಗಳು ಕುಸಿದಿವೆ, ಮಳೆ ಬಂದ ಮೇಲೆ ನೆಲ ಜಾರುತ್ತದೆ. ಒಬ್ಬರೇ ಇಳಿಯಬೇಡಿ. ಮೊಬೈಲ್ ಬೆಳಕನ್ನು ನಂಬದೆ ಒಳ್ಳೆಯ ಟಾರ್ಚ್ ಒಯ್ಯಿರಿ. ಬಾಗಿಲ ಬಳಿ ನಿಂತು ಎರಡೂ ಕಡೆಯ ಬೆಳಕು ಕಾಣುವಷ್ಟು ದೂರ ಮಾತ್ರ ಹೋಗುವುದು ನಾನು ಪಾಲಿಸಿದ ನಿಯಮ. ತುಕ್ಕು ಹಿಡಿದ ಲೋಹದ ತುಂಡು ಏನೇ ಕಂಡರೂ ಮುಟ್ಟಬೇಡಿ, ಕಾಲಿನಿಂದ ಒದೆಯಬೇಡಿ. ಜಾಗವನ್ನು ಗುರುತಿಟ್ಟುಕೊಂಡು ಪೊಲೀಸರಿಗೆ ತಿಳಿಸಿ. ಇದು ಅತಿಯಾದ ಎಚ್ಚರಿಕೆಯಲ್ಲ. 2018ರ ಜನವರಿಯಲ್ಲಿ ನಗರದ ಜನನಿಬಿಡ ವಾನ್ ಚಾಯ್ ಪ್ರದೇಶದಲ್ಲಿ, ರೈಲು ಮಾರ್ಗದ ಕೆಲಸಕ್ಕೆ ನೆಲ ಅಗೆಯುವಾಗ, ಆ ಯುದ್ಧಕಾಲದ ದೊಡ್ಡ ವಿಮಾನ ಬಾಂಬುಗಳು ಕೆಲವೇ ದಿನಗಳ ಅಂತರದಲ್ಲಿ ಎರಡು ಸಿಕ್ಕಿದವು. ಸುತ್ತಲಿನ ಸಾವಿರಾರು ಜನರನ್ನು ಮನೆಗಳಿಂದ ಹೊರಗೆ ಕಳುಹಿಸಿ ಅವನ್ನು ನಿಷ್ಕ್ರಿಯಗೊಳಿಸಬೇಕಾಯಿತು.

ಸಂಜೆಯೊಳಗೆ ಕೆಳಗಿಳಿದು ಸಮಯ ಉಳಿದಿದ್ದರೆ ಮೆಟ್ರೋ ಹಿಡಿದು ಚಾಯ್ ವಾನ್ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ಸಾಯ್ ವಾನ್ ಯುದ್ಧ ಸ್ಮಶಾನಕ್ಕೆ ಏರುದಾರಿ. ದಹನ ಸಂಸ್ಕಾರ ಪಡೆದವರ ಸ್ಮಾರಕ ಹೆಬ್ಬಾಗಿಲ ಹತ್ತಿರ ಇಲ್ಲ, ಸಮಾಧಿಗಳ ಸಾಲುಗಳನ್ನು ದಾಟಿ ಒಳಗೆ ಹೋಗಿ ಹುಡುಕಬೇಕು. ಹೆಚ್ಚಿನವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ.